ಗಜಾನನನ ಸುಟ್ಟ ರೀಲುಗಳು

ನನ್ನ ಮದುವೆಯ ಒಂದು ಫೋಟೋದಲ್ಲಿ ನನ್ನ ಬಾಸಿಂಗದ ಎರಡೂ ಬದಿಗೆ ಎಮ್ಮೆಯ ಕೋಡುಗಳಿವೆ. ಯಾರೋ ಕಿಡಿಗೇಡಿಗಳು ಮೊಬೈಲಿನಲ್ಲಿ ಅಂಟಿಸಿದ ಕೋಡಲ್ಲ, ಪಾರಿಶ್ವಾಡದ ಖರೇ ಎಮ್ಮೆಯ ಖರೇ ಕೋಡು. ವಿಮೆಗೆ ಬೇಕೆಂದು ಅದರ ಯಜಮಾನ ಫೋಟೋ ತೆಗೆಸಿದ್ದನಂತೆ. ಆ ರೀಲನ್ನೇ ಹೊಸದೆಂದು ತಿಳಿದು ನಮ್ಮೂರಿನ ಫೋಟೋಗ್ರಾಫರ್ ಗಜಾನನ ಮತ್ತೊಮ್ಮೆ ಕ್ಯಾಮೆರಾಕ್ಕೆ ತುಂಬಿಕೊಂಡು ನನ್ನ ಮದುವೆಗೆ ಬಂದಿದ್ದ. ಹೀಗಾಗಿ ಅಕ್ಷತೆ ಬೀಳುವ ಆ ಫೋಟೋದಲ್ಲಿ ನಾನು, ನನ್ನ ಗಂಡ, ಎಮ್ಮೆ ಮೂವರೂ ಇದ್ದೇವೆ. ಮೂವರಲ್ಲಿ ಎಮ್ಮೆಯ ಮುಖವೊಂದೇ ಸ್ಪಷ್ಟವಾಗಿದೆ.

ಅದನ್ನು ನಾನು ಮೊದಲ ಸಲ ನೋಡಿದ್ದು ಮದುವೆಯಾಗಿ ಹತ್ತಿರ ಹತ್ತಿರ ಮೂವತ್ತು ವರ್ಷದ ಮೇಲೆ, ಬೆಳಗಾವಿಯ ಒಂದು ಎಸಿ ಸಭಾಂಗಣದ ಗೋಡೆಯ ಮೇಲೆ, ನನ್ನಷ್ಟೇ ಎತ್ತರದ ಚೌಕಟ್ಟಿನಲ್ಲಿ. ಕೆಳಗೆ ‘ಸಹಬಾಳ್ವೆ’ ಎಂದು ಬರೆದಿದ್ದರು. ಮದುವೆಯಾದ ಹೊಸತರಲ್ಲಿ ಫೋಟೋ ಕೇಳಲು ಹೋದಾಗ ಗಜಾನನ ನಮಗೆ ಹೇಳಿದ್ದು ಬೇರೆಯೇ. ರೀಲು ಸುಟ್ಟಿತು ಎಂದಿದ್ದ.

ಖಾನಾಪುರದಲ್ಲಿ ಆ ಕಾಲದಲ್ಲಿ ಎಷ್ಟು ರೀಲುಗಳು ಸುಟ್ಟವು ಎಂದರೆ, ಊರಿಗೆ ಅಗ್ನಿಶಾಮಕ ಠಾಣೆ ಬೇಕು ಎಂದು ಅರ್ಜಿ ಕೊಡಬಹುದಿತ್ತು. ಸ್ಟೇಷನ್ ರಸ್ತೆಯಲ್ಲಿ ಅವನ ಸ್ಟುಡಿಯೋ, ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ಮದುವೆಯ ಫೋಟೋ ಹಾಳು ಮಾಡಿದವನ ಬಗಲಿಗೇ ಅಂಗಡಿ ಹಾಕಿದೆಯಲ್ಲ ಎಂದು ಯಾರಾದರೂ ಕೇಳಿದರೆ, ಬೇರೆ ಮಳಿಗೆ ಖಾಲಿ ಇರಲಿಲ್ಲ, ಅಷ್ಟೇ. ನಡುವೆ ಒಂದು ಹಲಗೆಯ ಗೋಡೆ. ಅದರ ಆಚೆ ನಡೆದದ್ದೆಲ್ಲ ನನ್ನ ಕಿವಿಯ ಮೇಲೆ ಬಿದ್ದಿದೆ, ಆದ್ದರಿಂದ ನಾನು ಹೇಳುವುದನ್ನು ನೀವು ನಂಬಬಹುದು.

ಗಜಾನನನಿಗೆ ಫೋಟೋದ ವಿದ್ಯೆ ಬಂದದ್ದು ಸೋದರಮಾವನಿಂದ. ಬೆಳಗಾವಿಯಲ್ಲಿ ಮಾವನ ಸ್ಟುಡಿಯೋ ಇತ್ತು. ಹತ್ತನೆಯ ಇಯತ್ತೆಯಲ್ಲಿ ಹುಡುಗ ನಪಾಸಾದಾಗ ಅಲ್ಲಿಗೆ ಕಳಿಸಿದರು. ಎರಡು ವರ್ಷ ಅಲ್ಲಿದ್ದು ಅವನು ಕಲಿತದ್ದು ‘ನಗಬ್ಯಾಡ್ರಿ, ಅಲುಗಬ್ಯಾಡ್ರಿ’ ಎಂಬ ಎರಡು ಮಾತು ಮತ್ತು ಮೂಗಿಗೆ ತಪಕೀರು ಏರಿಸುವ ಚಟ. ಎರಡೂ ಒಂದಕ್ಕೊಂದು ಆಗಿಬರುವಂಥವಲ್ಲ. ಎದುರಿಗೆ ಕೂತವರು ಉಸಿರು ಬಿಗಿಹಿಡಿದು ಕಲ್ಲಾಗಿರುತ್ತಿದ್ದರು. ಗಜಾನನ ಒಂದು ಚಿಟಿಕೆ ತಪಕೀರು ಏರಿಸಿ, ಕಣ್ಣು ಕಿರಿದು ಮಾಡಿ, ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಸೀನುತ್ತಿದ್ದ. ಫೋಟೋದಲ್ಲಿ ಮನುಷ್ಯರು ಒಬ್ಬರಿಗಿಬ್ಬರಾಗಿ ಬರುತ್ತಿದ್ದರು. ಸೀನದೆ ಇದ್ದಾಗ ತಲೆ ಕತ್ತರಿಸುತ್ತಿದ್ದ. ತಲೆಯೂ ಉಳಿದರೆ ಕ್ಯಾಮೆರಾದ ಹಿಂದಿನ ಮುಚ್ಚಳ ಇತ್ತಲ್ಲ, ಅದರ ಕೊಂಡಿ ಮುರಿದು ಅವನು ರಬ್ಬರ್ ಬ್ಯಾಂಡ್ ಹಾಕಿದ್ದ; ಆ ಸಂದಿಯಿಂದ ಬಿಸಿಲು ಒಳಗೆ ಹೊಕ್ಕು ಫೋಟೋದ ಮೇಲೆ ಕೆಂಪು ಬರೆ ಎಳೆಯುತ್ತಿತ್ತು.

ಇನ್ನೊಂದು ಪದ್ಧತಿಯಿತ್ತು. ರೀಲು ತುಂಬುವ ತನಕ ಅವನು ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಒಂದೇ ರೀಲಿನಲ್ಲಿ ಒಬ್ಬರ ನಿಶ್ಚಿತಾರ್ಥ, ಇನ್ನೊಬ್ಬರ ಸೀಮಂತದ ಕುಪ್ಪಸದ ಕಾರ್ಯ, ಮತ್ತೊಬ್ಬರ ಹೆಣ, ನಾಕು ರೇಷನ್ ಕಾರ್ಡು ಎಲ್ಲ ಸಾಲಾಗಿ ಕೂತಿರುತ್ತಿದ್ದವು. ಅದು ಬೆಳಗಾವಿಗೆ ಹೋಗಿ ತೊಳೆಸಿಕೊಂಡು ಬರುವಷ್ಟರಲ್ಲಿ ನಿಶ್ಚಿತಾರ್ಥದ ಹುಡುಗಿ ಬಸುರಿಯಾಗಿರುತ್ತಿದ್ದಳು. ಚೆನ್ನಾಗಿ ಬಂದದ್ದನ್ನು ಗಜಾನನ ಎದೆ ಸೆಟೆಸಿಕೊಂಡು ಕೊಡುತ್ತಿದ್ದ. ಕೆಟ್ಟು ಬಂದದ್ದನ್ನು ತೋರಿಸುತ್ತಲೇ ಇರಲಿಲ್ಲ. ರೀಲಿಗೆ ಬೆಳಕು ಹೊಕ್ಕು ಸುಟ್ಟಿತು, ಕಂಪನಿಯ ಮಾಲೇ ಖರಾಬು ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆಟ್ಟ ನೆಗೆಟಿವ್‌ಗಳನ್ನೆಲ್ಲ ಒಂದು ಬಿಸ್ಕಿಟ್ ಡಬ್ಬಿಗೆ ತುರುಕಿಡುತ್ತಿದ್ದ. ಎಸೆಯಲು ಜೀವ ಒಪ್ಪುತ್ತಿರಲಿಲ್ಲ. ಸೂರ್ಯಗ್ರಹಣ ಬಂದಾಗ ಓಣಿಯ ಮಕ್ಕಳಿಗೆ ನೋಡಲು ಅದರಿಂದಲೇ ಒಂದೊಂದು ತುಂಡು ಕೊಡುತ್ತಿದ್ದ. ಖಾನಾಪುರದ ಎಷ್ಟೋ ಮದುವೆಗಳ ಮೂಲಕ ಮಕ್ಕಳು ಗ್ರಹಣ ನೋಡಿದ್ದಾರೆ.

ಊರಿನವರು ಬೈದರು, ನಕ್ಕರು, ಮರೆತರು. ‘ಸೀನೂ ಗಜ್ಯಾ’ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು. ನಾನೂ ನಗುತ್ತಿದ್ದೆ. ನಗಲಾರದವಳು ಒಬ್ಬಳೇ ಇದ್ದಳು, ಸಿದ್ದಕ್ಕ.

ಸಿದ್ದಕ್ಕ ಕಣಕುಂಬಿಯ ಕಡೆಯ ಗೌಳಿವಾಡದವಳು. ಎಮ್ಮೆ ಕಟ್ಟಿಕೊಂಡು ಕಾಡಿನ ಅಂಚಿನಲ್ಲಿ ಬದುಕುವ ಜನ. ವಾರಕ್ಕೊಮ್ಮೆ ಗಂಡ ಕರೆಪ್ಪನ ಸಂಗಡ ಖಾನಾಪುರದ ಸಂತೆಗೆ ಬೆಣ್ಣೆ ತರುತ್ತಿದ್ದಳು. ಅವಳ ಮಗಳು ಪೂನಮ, ಮೂರು ವರ್ಷದ ಹುಡುಗಿ. ಒಂದು ಸಂತೆಯ ದಿನ ನನ್ನ ಅಂಗಡಿಯಲ್ಲಿ ಉಳಿದ ಹಳದಿ ಬಟ್ಟೆಗೆ ಹಸಿರು ಅಂಚು ಕೊಟ್ಟು ಅದಕ್ಕೊಂದು ಫ್ರಾಕು ಹೊಲಿದುಕೊಟ್ಟೆ. ಹೊಸ ಫ್ರಾಕು ಹಾಕಿಸಿ ಪಕ್ಕದಲ್ಲೇ ಫೋಟೋ ತೆಗೆಸಿದರು. ಸ್ಟೂಲಿನ ಮೇಲೆ ಹುಡುಗಿ, ಅದರ ಭುಜದ ಮೇಲೆ ಸಿದ್ದಕ್ಕನ ಹಚ್ಚೆಯ ಕೈ. ಮಳೆಗಾಲ ಬಂತು. ಹುಡುಗಿಗೆ ಜ್ವರ ಬಂದಾಗ ಹಳ್ಳ ತುಂಬಿ ಬಸ್ಸು ನಿಂತಿತ್ತು. ಹೊತ್ತುಕೊಂಡು ಹೊರಟರಂತೆ, ದಾರಿಯಲ್ಲೇ ಜೀವ ಹೋಯಿತು.

ಮಳೆ ನಿಂತ ಮೇಲೆ ಅವಳು ಫೋಟೋ ಕೇಳಲು ಬಂದಳು. ಗಜಾನನ ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದ. ಸುಟ್ಟು ಉಳಿದದ್ದೇನಾದರೂ ಇದ್ದರೆ ಅದನ್ನೇ ಕೊಡಿ ಎಂದಳು ಸಿದ್ದಕ್ಕ. ಹಲಗೆಯ ಈಚೆ ನಾನು ಹೊಲಿಗೆ ನಿಲ್ಲಿಸಿ ಕೇಳುತ್ತಿದ್ದೆ. ಆಮೇಲೆ ಅವಳು ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಫ್ರಾಕನ್ನು ಹುಡುಗಿಯ ಸಂಗಡವೇ ಮಣ್ಣು ಮಾಡಿದೆವು, ಇಟ್ಟುಕೊಳ್ಳಬೇಕಿತ್ತು ಎಂದಳು. ಮುಂದೆ ಅವಳಿಗೆ ಸಂಜಯ ಹುಟ್ಟಿದ, ಓದಿದ, ಹಿಂಡಲಗಾ ಜೈಲಿನಲ್ಲಿ ವಾರ್ಡರನಾದ. ಅವರು ಹಿಂಡಲಗಾದಲ್ಲೇ ಮನೆ ಮಾಡಿದರು. ಈಗಲೂ ಅವಳ ಕುಪ್ಪಸ ನಾನೇ ಹೊಲಿಯುತ್ತೇನೆ, ಬೆಳಗಾವಿಯ ಟೇಲರುಗಳ ತೋಳು ಅವಳಿಗೆ ಹಿಡಿಸುವುದಿಲ್ಲ.

ಮೊಬೈಲು ಬಂದು ಊರೆಲ್ಲ ಫೋಟೋಗ್ರಾಫರ್ ಆದ ಮೇಲೆ ಗಜಾನನ ಫೋಟೋ ನಿಲ್ಲಿಸಿ ಝೆರಾಕ್ಸ್ ಮಷಿನ್ ತಂದ. ಝೆರಾಕ್ಸ್‌ನಲ್ಲೂ ಅಂಚು ಕತ್ತರಿಸುತ್ತಿದ್ದ, ಅದು ಬೇರೆ ಮಾತು. ಕ್ಯಾಮೆರಾವನ್ನು ಗಣಪತಿಯ ಪಕ್ಕದಲ್ಲಿಟ್ಟು ದಸರೆಗೆ ಕುಂಕುಮ ಹಚ್ಚುತ್ತಿದ್ದ. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ವಿನಯ ಎಂಬವನು ಬಂದ. ಬೆಳಗಾವಿಯ ಟಿಳಕವಾಡಿಯಲ್ಲಿ ಅವನದು ದೊಡ್ಡ ಮದುವೆ ಫೋಟೋ ವ್ಯವಹಾರ. ಆರು ಕ್ಯಾಮೆರಾ, ಎರಡು ಡ್ರೋನು, ಹೊಗೆ ಬಿಡುವ ಒಂದು ಯಂತ್ರ. ಮಲಪ್ರಭೆಯ ದಂಡೆಯಲ್ಲಿ ಯಾರದೋ ಪ್ರೀವೆಡ್ಡಿಂಗ್ ಚಿತ್ರೀಕರಣಕ್ಕೆ ಬಂದವನು ಒಂದು ಕಾಗದ ಝೆರಾಕ್ಸ್ ಮಾಡಿಸಲು ಅಂಗಡಿಗೆ ನುಗ್ಗಿದ. ಕ್ಯಾಮೆರಾ ಕಂಡಿತು, ಅದರ ಕೆಳಗಿನ ಡಬ್ಬಿ ಕಂಡಿತು. ಒಂದು ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದ, ಇನ್ನೊಂದು ಹಿಡಿದ, ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟ. ಹೊರಗೆ ನದಿಯ ದಂಡೆಯಲ್ಲಿ ಮದುಮಗಳ ಗೌನು ಒದ್ದೆಯಾಗುತ್ತ ಕಾಯುತ್ತಿತ್ತು.

ಅವನ ಸಂಕಟ ನನಗೆ ಹಲಗೆಯ ಮೂಲಕ ತಿಳಿಯಿತು. ಈಗ ಬೆಳಗಾವಿಯಲ್ಲಿ ಕಲ್ಲು ಎಸೆದರೆ ಮದುವೆ ಫೋಟೋಗ್ರಾಫರನ ತಲೆಗೇ ಬೀಳುತ್ತದೆ. ಎಲ್ಲರ ಹತ್ತಿರವೂ ಅದೇ ಕ್ಯಾಮೆರಾ, ಅದೇ ಡ್ರೋನು, ಅದೇ ಹೊಗೆ. ಫೋಟೋಗಳು ಎಷ್ಟು ಸ್ಪಷ್ಟವೆಂದರೆ ಬೀಗರ ಮೂಗಿನ ಕೂದಲನ್ನೂ ಎಣಿಸಬಹುದು. ಗಿರಾಕಿಗಳಿಗೆ ಬೇಸರ ಬಂದಿದೆ. ಅವರಿಗೆ ಈಗ ಹಳೆಯದು ಬೇಕು, ರೀಲಿನದು ಬೇಕು, ಕೈಯಿಂದ ಮಾಡಿದ್ದೆಂದು ಕಾಣಬೇಕು. ಮುಂಬೈಗೆ ಇದು ಆಗಲೇ ಬಂದಿದೆ, ಪುಣೆಗೂ ಬಂದಿದೆ. ಬೆಳಗಾವಿಗೆ ಮೊದಲು ತರುವವನೇ ಗೆದ್ದ ಎಂದ ವಿನಯ. ಗಜಾನನ ಮೂಗಿಗೆ ತಪಕೀರು ಏರಿಸಿ ಸೀನಿದ. ಅದನ್ನೂ ವಿನಯ ಒಪ್ಪಿಗೆಯೆಂದೇ ತಿಳಿದ.

ಹೀಗೆ ನಮ್ಮ ಸೀನೂ ಗಜ್ಯಾ ಬೆಳಗಾವಿಗೆ ಹೋಗಿ ‘ಫಿಲ್ಮ್ ಮಾಸ್ಟರ್ ಗಜಾನನ’ ಆದ. ಜನ್ಮದಲ್ಲಿ ಸಫಾರಿ ಬಿಟ್ಟು ಬೇರೆ ತೊಡದವನಿಗೆ ವಿನಯ ಬಿಳಿ ಜುಬ್ಬಾ ತೊಡಿಸಿದ, ತಲೆಗೊಂದು ಕರಿ ಟೊಪ್ಪಿಗೆ ಇಟ್ಟ. ಜಾಸ್ತಿ ಮಾತಾಡಬೇಡಿ ಎಂದು ಹೇಳಿಕೊಟ್ಟ. ಅದೊಂದು ಕಷ್ಟವಾಗಲಿಲ್ಲ, ಹೇಳಲು ಅವನಿಗೂ ಏನೂ ಗೊತ್ತಿರಲಿಲ್ಲ. ಮದುವೆಮನೆಯಲ್ಲಿ ವಿನಯನ ಆರು ಕ್ಯಾಮೆರಾಗಳು ಮಾಡಬೇಕಾದ ಕೆಲಸವನ್ನೆಲ್ಲ ಮಾಡುತ್ತಿದ್ದವು. ಗಜಾನನ ರಬ್ಬರ್ ಬ್ಯಾಂಡಿನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಡುವೆ ಗಂಭೀರವಾಗಿ ತಿರುಗಾಡುತ್ತಿದ್ದ. ಊಟದ ಎಲೆಯ ತುದಿಗೆ ಉಪ್ಪಿನಕಾಯಿ ಇದ್ದ ಹಾಗೆ, ಹೊಟ್ಟೆ ತುಂಬಿಸುವುದು ಅನ್ನವೇ, ಆದರೆ ಉಂಡವರು ಹೊಗಳುವುದು ಉಪ್ಪಿನಕಾಯಿಯನ್ನು. ಒಂದು ಸಾವಿರ ಸ್ಪಷ್ಟ ಫೋಟೋಗಳ ಜೊತೆಗೆ ಗಜಾನನ ಸೀನಿದ ಒಂದು ಡಜನ್ ಫೋಟೋ ಕೊಟ್ಟರೆ ಬಿಲ್ಲು ದುಪ್ಪಟ್ಟಾಗುತ್ತಿತ್ತು.

ನಾವು ಬೈದದ್ದನ್ನೆಲ್ಲ ಬೆಳಗಾವಿಯವರು ಹೊಗಳಿದರು. ತಲೆ ಕತ್ತರಿಸಿದ್ದಕ್ಕೆ ಧೈರ್ಯ ಎಂದರು. ಕೆಂಪು ಬರೆಗೆ ಬೆಳಕಿನ ಕಾವ್ಯ ಎಂದರು. ರೀಲು ಮುಂಬೈಗೆ ಹೋಗಿ ತೊಳೆದು ಬರಲು ತಿಂಗಳು ಹಿಡಿದರೆ, ನಿಧಾನವೇ ಇದರ ಸೊಗಸು ಎಂದು ಕಾಯ್ದರು. ಇದೇ ಜನರ ತಂದೆತಾಯಿ ನನ್ನ ಕಣ್ಣೆದುರಿಗೆ ಇವನ ಕಾಲರು ಹಿಡಿದಿದ್ದರು. ಒಮ್ಮೆ ತಪ್ಪಿ ಒಂದು ಫೋಟೋ ಸ್ವಚ್ಛವಾಗಿ ಬಂದುಬಿಟ್ಟಿತಂತೆ. ಮದುಮಗಳು ಮುನಿಸಿಕೊಂಡು, ಇಂಥದ್ದನ್ನು ನನ್ನ ತಮ್ಮ ಮೊಬೈಲಿನಲ್ಲಿ ತೆಗೆಯುತ್ತಿದ್ದ ಎಂದಳಂತೆ. ಅಂದಿನಿಂದ ಗಜಾನನ ತಪಕೀರಿನ ಪ್ರಮಾಣ ಹೆಚ್ಚಿಸಿದ.

ಆದರೂ ಅವನಿಗೆ ಒಂದು ಕೊರಗಿತ್ತು. ಬೆಳಗಾವಿಯಲ್ಲಿ ಮಾಸ್ಟರ್ ಆದವನು ರೈಲಿನಿಂದ ಖಾನಾಪುರಕ್ಕೆ ಇಳಿದ ಕೂಡಲೇ ಗಜ್ಯಾ ಆಗುತ್ತಿದ್ದ. ಊರಿನವರೂ ಒಮ್ಮೆ ನನ್ನನ್ನು ಫೋಟೋಗ್ರಾಫರ್ ಅನ್ನಬೇಕು, ಸಾಯುವುದರೊಳಗೆ ಅಷ್ಟಾದರೆ ಸಾಕು ಎಂದು ಅವನು ಹೆಂಡತಿ ಸಂಗವ್ವನ ಎದುರಿಗೆ ಹೇಳಿಕೊಳ್ಳುತ್ತಿದ್ದ. ಅವಳು ನನ್ನ ಎದುರಿಗೆ ಹೇಳುತ್ತಿದ್ದಳು. ಅದಕ್ಕೆಂದೇ ವಿನಯ ಪ್ರದರ್ಶನದ ಮಾತೆತ್ತಿದಾಗ ಅವನು ಕುಣಿದುಬಿಟ್ಟ. ಬಿಸ್ಕಿಟ್ ಡಬ್ಬಿಯನ್ನು ಇಡಿಯಾಗಿ ವಿನಯನ ಕೈಗಿಟ್ಟು, ಬೇಕಾದ್ದು ಆರಿಸಿಕೊ ಎಂದ. ತಾನೊಮ್ಮೆ ತೆರೆದು ನೋಡುವ ಬುದ್ಧಿ ಬರಲಿಲ್ಲ.

ಆಮಂತ್ರಣ ವಾಟ್ಸಾಪಿನಲ್ಲಿ ಬಂತು. ನಾನು ಗುಂಡಿ ಹಚ್ಚುತ್ತ ಕೂತಿದ್ದೆ. ಪರದೆಯ ಮೇಲೆ ಒಂದು ಮಗು, ಮುಖ ಎರಡೆರಡಾಗಿ ಅಲುಗಿಹೋಗಿದೆ, ಅಡ್ಡಕ್ಕೆ ಕೆಂಪು ಬರೆ. ಹೆಸರು ‘ಉಸಿರು’. ಮುಖದಿಂದ ಯಾರಿಗೂ ಗುರುತು ಹತ್ತುವಂತಿರಲಿಲ್ಲ. ಆದರೆ ಹಳದಿ ಫ್ರಾಕಿನ ಹಸಿರು ಅಂಚು ಹೊಲಿದವಳು ನಾನು, ಕೊರಳಿನ ಹತ್ತಿರ ಬಟ್ಟೆ ಸಾಲದೆ ಕೊಟ್ಟ ಜೋಡು ಕೂಡ ಕಾಣುತ್ತಿತ್ತು. ಭುಜದ ಮೇಲೆ ಹಚ್ಚೆ ಹಾಕಿಸಿಕೊಂಡ ಒಂದು ಕೈ.

ಗಜಾನನ ಆ ದಿನ ಊರಲ್ಲೇ ಇದ್ದ. ಮೊಬೈಲು ಹಿಡಿದುಕೊಂಡು ಅವನ ಅಂಗಡಿಗೆ ಹೋದೆ.

“ಇದು ಸುಟ್ಟಿತ್ತಲ್ಲೋ ಅಣ್ಣಾ,” ಎಂದೆ.

ಅವನು ನೋಡಿದ. ನೋಡುತ್ತ ಅವನ ಮುಖದ ಬಣ್ಣ ಇಳಿಯಿತು. ನಿಧಾನಕ್ಕೆ ಹೇಳಿದ, ಆಗ ತೊಳೆಸಿಕೊಂಡು ಬಂದಾಗ ಹುಡುಗಿ ಇನ್ನೂ ಬದುಕಿತ್ತು, ಮುಖ ಹೀಗೆ ಬಂದಿದೆ ಎಂದು ತೋರಿಸಲು ನಾಚಿಕೆಯಾಗಿ, ಇನ್ನೊಮ್ಮೆ ಬಂದಾಗ ಹೊಸದು ತೆಗೆದರಾಯಿತು ಎಂದು ಡಬ್ಬಿಗೆ ಹಾಕಿದೆ. ಆಮೇಲೆ ಅವಳು ಒಬ್ಬಳೇ ಬಂದಳು. ಹೇಗೆ ತೋರಿಸಲಿ?

ಈಗ ತೋರಿಸು ಎಂದೆ ನಾನು. ಹಿಂಡಲಗಾ ಏನು ಕಾಶಿಯಲ್ಲ, ಬಸ್ಸಿದೆ. ಪ್ರದರ್ಶನಕ್ಕೆ ಮೊದಲು ಹೋಗಿ ನಿನ್ನ ಬಾಯಿಂದಲೇ ಹೇಳು ಎಂದೆ. ನಾನೇ ಫೋನು ಮಾಡಬಹುದಿತ್ತು. ಆದರೆ ಸುಳ್ಳು ಹೇಳಿದ ಬಾಯಿಯೇ ನಿಜವನ್ನೂ ಹೇಳಲಿ ಎಂಬ ಹಟ ನನಗೆ.

“ಇದೊಂದು ಮುಗೀಲಿ ಪ್ರಮಿಳಾ. ಊರ ಮಂದಿ ಎಲ್ಲಾ ಬರಾಕತ್ತಾರ. ಮುಗದ ಮರುದಿನಾನ ಹೋಗಿ ಕಾಲ ಹಿಡಕೋತೇನಿ,” ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಕಾಯಿಸಿದವನಿಗೆ ಇನ್ನೂ ನಾಕು ದಿನದ ವಾಯಿದೆ ಬೇಕಾಗಿತ್ತು. ಅವಳ ಮಗಳ ಮುಖಕ್ಕಿಂತ ಇವನಿಗೆ ಊರಿನ ಚಪ್ಪಾಳೆ ದೊಡ್ಡದಾಗಿತ್ತು. ಹೋಗದಿದ್ದರೆ ಅಲ್ಲೇ ಎಲ್ಲರೆದುರಿಗೆ ನಾನು ಬಾಯಿ ತೆಗೆಯುತ್ತೇನೆ ಎಂದು ಹೇಳಿ ಬಂದೆ. ಅವನು ಹೋಗಲಿಲ್ಲ.

ಅವನು ಹೋಗದಿದ್ದರೂ ಅವಳೇ ಬಂದಳು. ಸಂಜಯನಿಗೆ ಮದುವೆ ಗೊತ್ತಾಗಿತ್ತು. ಹುಡುಗಿಗೆ ಫಿಲ್ಮ್ ಫೋಟೋ ಬೇಕೇ ಬೇಕಂತೆ, ಸಂಜಯ ವಿನಯನ ಹತ್ತಿರವೇ ಗೊತ್ತು ಮಾಡಿದ್ದ. ವಿನಯ ತನ್ನ ಗಿರಾಕಿಗಳನ್ನೆಲ್ಲ ಕುಟುಂಬ ಸಮೇತ ಪ್ರದರ್ಶನಕ್ಕೆ ಕರೆದಿದ್ದ. ಸಭಾಂಗಣದ ಬಾಗಿಲಲ್ಲಿ ಹೊಸ ಇಳಕಲ್ ಸೀರೆ ಉಟ್ಟ ಸಿದ್ದಕ್ಕನನ್ನು ನೋಡಿದವಳೇ ಓಡಿಹೋಗಿ ಅವಳ ಕೈ ಹಿಡಿದೆ. ಅಕ್ಕಾ, ಒಳಗೆ ಪೂನಮಳ ಫೋಟೋ ಇದೆ ಎಂದು ಅಲ್ಲೇ ಹೇಳಿಬಿಟ್ಟೆ, ಹಟ ಗಾಳಿಗೆ ಹೋಯಿತು. ಅವಳು ನನ್ನ ಮುಖವನ್ನೇ ನೋಡಿದಳು. ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ ನನ್ನ ಕೈ ಬಿಡಿಸಿಕೊಂಡು ಒಳಗೆ ನಡೆದಳು.

ಒಳಗೆ ಖಾನಾಪುರವೇ ನೆರೆದಿತ್ತು. ತಂತಮ್ಮ ಸುಟ್ಟ ರೀಲುಗಳನ್ನು ಗೋಡೆಯ ಮೇಲೆ ಗುರುತು ಹಿಡಿದು ಜನ ಬೆಪ್ಪಾಗಿದ್ದರು. ಬಯ್ಯಬೇಕೋ ಸೆಲ್ಫಿ ತೆಗೆಯಬೇಕೋ ತಿಳಿಯದೆ, ಕೊನೆಗೆ ಸೆಲ್ಫಿಯೇ ಗೆದ್ದಿತು. ನನ್ನ ಗಂಡ ಎಮ್ಮೆಯ ಮುಂದೆ ನಿಂತು ಹಲ್ಲು ಕಿರಿಯುತ್ತಿದ್ದ. ಸಿದ್ದಕ್ಕ ಯಾವುದನ್ನೂ ನೋಡದೆ ನೇರ ‘ಉಸಿರು’ ಚಿತ್ರದ ಎದುರಿಗೆ ಹೋಗಿ ನಿಂತಳು. ಚೌಕಟ್ಟಿನ ಮೂಲೆಗೆ ಮಾರಾಟವಾಯಿತೆಂದು ತೋರಿಸುವ ಕೆಂಪು ಚುಕ್ಕೆ ಅಂಟಿಸಿದ್ದರು, ಯಾವುದೋ ಹೊಟೇಲಿನವರು ಕೊಂಡಿದ್ದರಂತೆ. ಅವಳು ಕೈ ಎತ್ತಿ ಗಾಜಿನ ಮೇಲೆ ತನ್ನದೇ ಹಚ್ಚೆಯ ಕೈಯನ್ನು ಮುಟ್ಟಿದಳು. ಆಮೇಲೆ ತಿರುಗಿ ಗಜಾನನನನ್ನು ಹುಡುಕಿದಳು. ಅವನು ಬಿಳಿ ಜುಬ್ಬಾದಲ್ಲಿ ಮೈಕಿನ ಹತ್ತಿರ ನಿಂತಿದ್ದ.

“ಫೋಟೋ ಬಂದಿತ್ತನ್ರಿ ಅಣ್ಣಾರ?” ಎಂದಳು.

ದನಿ ಎತ್ತರಿಸಿರಲಿಲ್ಲ, ಆದರೂ ಸುತ್ತಲಿನವರು ತಿರುಗಿ ನೋಡಿದರು. ಈ ಚಿತ್ರದ ಬಗ್ಗೆ ಹಿರಿಯರೊಬ್ಬರು ಕೇಳುತ್ತಿದ್ದಾರೆ ಎಂದು ತಿಳಿದ ವಿನಯ ನಗುತ್ತ ಮೈಕನ್ನು ಗಜಾನನನ ಕೈಗೆ ಕೊಟ್ಟ. ಗಜಾನನ ನನ್ನ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಅವನ ಕೈ ಜೇಬಿನ ತಪಕೀರಿನ ಡಬ್ಬಿಗೆ ಹೋಗಿ, ಅಲ್ಲೇ ನಿಂತಿತು.

“ಬಂದಿತ್ತವ್ವಾ,” ಎಂದ. “ಕೂಸು ಒಂಚೂರೂ ಅಲುಗಿದ್ದಿಲ್ಲ. ನಾ ಸೀನಿದೆ, ಮಾರಿ ಹೋತು. ಮುಚ್ಚಳಾ ಸಡ್ಲ ಇತ್ತು, ಅದಕ್ಕ ಈ ಬರಿ. ನಿನಗ ರೀಲ್ ಸುಟ್ಟೈತಿ ಅಂತ ಸುಳ್ಳ ಹೇಳಿದೆ. ಇಲ್ಲಿ ಇರೂವೆಲ್ಲಾ ಹಂಗ ಕೆಡಸಿದ್ದು. ನನಗ ಫೋಟೋ ತಗ್ಯಾಕ ಬರೂದಿಲ್ಲ, ಎಂದೂ ಬಂದಿದ್ದಿಲ್ಲ.”

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಪಕ್ಕದವರು ತಟ್ಟಿದರು. ಇಡೀ ಸಭಾಂಗಣವೇ ತಟ್ಟಿತು. ನನ್ನ ಮುಂದೆ ನಿಂತಿದ್ದ ದೊಡ್ಡ ಕನ್ನಡಕದ ಹೆಣ್ಣುಮಗಳು ಕಣ್ಣೊರೆಸಿಕೊಂಡು, ಎಷ್ಟು ದೊಡ್ಡ ಕಲಾವಿದ, ಎಂಥಾ ನಮ್ರತೆ ಎಂದಳು. ಮನುಷ್ಯ ಜನ್ಮದಲ್ಲಿ ಒಮ್ಮೆ ನಿಜ ಹೇಳಿದ, ಅದನ್ನೂ ಕಲೆಯೆಂದು ಮಾಡಿ ಹಾಕಿದರು. ಖಾನಾಪುರದವರೂ ತಟ್ಟಿದರು, ಕಾಲರು ಹಿಡಿದವರೂ ತಟ್ಟಿದರು. ಗಜಾನನ ಬಯಸಿದ್ದು ಇದನ್ನೇ. ಸಿಕ್ಕಿತು. ಅವನು ತಲೆ ಎತ್ತಲಿಲ್ಲ.

ಸಿದ್ದಕ್ಕ ಚಪ್ಪಾಳೆ ಮುಗಿಯುವ ತನಕ ಕಾದಳು. ಮುಗಿದ ಮೇಲೆ, ಹಾಗಾದರೆ ಮುಖ ಕಾಣುವುದು ಇನ್ನೊಂದು ಇದೆಯೇ ಎಂದು ಕೇಳಿದಳು. ಇಲ್ಲ ಎಂದ ಗಜಾನನ. ಇದ್ದದ್ದು ಇದೊಂದೇ.

ಆಗ ವಿನಯ ಮುಂದೆ ಬಂದ. ಅವನೂ ಕೆಟ್ಟವನಲ್ಲ, ಮನಸ್ಸು ಕರಗಿತ್ತು. ಆದರೆ ಮನಸ್ಸು ಕರಗಿದರೂ ಕೈ ಹೋಗುವುದು ಲ್ಯಾಪ್‌ಟಾಪಿಗೇ.

“ಕುಂದರ್ರಿ ಅವ್ವಾರ. ಈಗ ಎಐ ಐತ್ರಿ, ಮಾರಿ ಸ್ವಚ್ಛ ಮಾಡಿ ಕೊಡತೇನಿ,” ಎಂದ.

ರೀಲಿನ ಸತ್ಯ, ರೀಲಿನ ಆತ್ಮ ಎಂದು ಗೋಡೆಯ ತುಂಬ ಬರೆಸಿದವನು ಅದೇ ಗೋಡೆಗೆ ಬೆನ್ನು ಹಚ್ಚಿ ಕೂತು ಗುಂಡಿ ಒತ್ತಿದ. ಚಹಾ ಆರುವುದರೊಳಗೆ ಪರದೆಯ ಮೇಲೆ ಒಂದು ಮಗು ಮೂಡಿತು. ಗುಂಡು ಕೆನ್ನೆ, ದೊಡ್ಡ ಕಣ್ಣು, ಒಂದೊಂದು ರೆಪ್ಪೆಯೂ ಬೇರೆ ಬೇರೆ. ಕೆಂಪು ಬರೆ ಮಾಯ. ನನ್ನ ಹೊಲಿಗೆಯ ಜೋಡನ್ನೂ ಅಳಿಸಿ ಕೊರಳಿಗೆ ಲೇಸು ಹಚ್ಚಿತ್ತು ಆ ಯಂತ್ರ. ಸುತ್ತ ನಿಂತವರು ಆಹಾ ಎಂದರು. ಸಂಜಯ ತಾನು ಎಂದೂ ನೋಡದ ಅಕ್ಕನನ್ನು ನೋಡಲು ಬಗ್ಗಿದ. ಸಿದ್ದಕ್ಕ ಬಹಳ ಹೊತ್ತು ನೋಡಿದಳು.

“ಇದು ಯಾರ ಕೂಸ್ರಿ?” ಎಂದಳು.

ವಿನಯ ಲ್ಯಾಪ್‌ಟಾಪ್ ಮುಚ್ಚಿದ. ಸಿದ್ದಕ್ಕ ಎದ್ದು ಮತ್ತೆ ಗೋಡೆಯ ಹತ್ತಿರ ಹೋದಳು. ಇದು ನಮ್ಮದು, ಕಿವಿ ನಿಮ್ಮಪ್ಪನದು, ನೋಡು ಎಂದು ಸಂಜಯನಿಗೆ ತೋರಿಸಿದಳು. ಅಲುಗಿಹೋದ ಮುಖದ ಬಗಲಿಗೆ ಒಂದು ಕಿವಿ ಮಾತ್ರ ಇದ್ದಂತೆ ಉಳಿದಿತ್ತು, ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಗಜಾನನ ಬಂದು ಮೊಳೆಯಿಂದ ಚೌಕಟ್ಟು ಬಿಡಿಸಿದ. ಕಾಕಾ, ಅದು ಮಾರಾಟವಾಗಿದೆ ಎಂದ ವಿನಯ. ಗಜಾನನ ಕಿವಿಗೆ ಹಾಕಿಕೊಳ್ಳದೆ ಕೆಂಪು ಚುಕ್ಕೆಯನ್ನು ಉಗುರಿನಿಂದ ಕೆರೆದು ತೆಗೆದು, ಚೌಕಟ್ಟನ್ನು ಸಂಜಯನ ಕೈಗಿಟ್ಟ. ಸುತ್ತಲೂ ಮೊಬೈಲುಗಳು ಎದ್ದಿದ್ದವು. ಅದನ್ನು ನೋಡಿ ವಿನಯ ಬಾಯಿ ಮುಚ್ಚಿಕೊಂಡ. ಹೊಟೇಲಿನವರಿಗೆ ಬದಲಿಗೆ ‘ಸಹಬಾಳ್ವೆ’ ಹೋಯಿತು. ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋಗುವವರು ಅಲ್ಲಿ ಮೀನೂಟಕ್ಕೆ ನಿಂತರೆ ಈಗ ನನ್ನ ಮತ್ತು ಎಮ್ಮೆಯ ದರ್ಶನವಾಗುತ್ತದೆ.

ಬಾಗಿಲ ಹತ್ತಿರ ಹೋಗಿ ಸಿದ್ದಕ್ಕ ತಿರುಗಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಆಸೆಯೂ ಇತ್ತು ನನಗೆ.

“ಮಗನ ಮದುವಿಗಿ ಉಣ್ಣಾಕ ಬರ್ರಿ ಅಣ್ಣಾರ,” ಎಂದಳು. “ಕ್ಯಾಮೆರಾ ತರಬ್ಯಾಡ್ರಿ.”

ಸಂಜಯನ ಮದುವೆಯ ಹೊತ್ತಿಗೆ ಗಜಾನನ ತಪ್ಪೊಪ್ಪಿಕೊಂಡ ವಿಡಿಯೋ ಊರೂರು ಸುತ್ತಿತ್ತು. ವಿನಯ ಅದಕ್ಕೆ ಹಾಡು ಕೂಡಿಸಿ ಜಾಹೀರಾತು ಮಾಡಿಕೊಂಡಿದ್ದ, ಮುಂದಿನ ಸುಗ್ಗಿಯ ತನಕ ಬುಕ್ಕಿಂಗ್ ತುಂಬಿತ್ತು. ಗಜಾನನ ಹಿಂಡಲಗಾಕ್ಕೆ ಹಳೆಯ ಸಫಾರಿಯಲ್ಲಿ, ಕೈಬೀಸಿಕೊಂಡು ಬಂದ. ಪಂಕ್ತಿಯಲ್ಲಿ ನನ್ನ ಎದುರಿನ ಸಾಲಿಗೆ ಕೂತ. ಹುಡುಗಿಯ ಕಡೆಯ ಯಾರೋ ಗುರುತು ಹಿಡಿದು ಓಡಿ ಬಂದರು. ಮಾಸ್ಟರ್, ನಮ್ಮದೊಂದು ತೆಗೆಯಿರಿ, ನಿಮ್ಮ ಶೈಲಿಯಲ್ಲೇ ಅಲುಗಿಸಿ ತೆಗೆಯಿರಿ ಎಂದು ಮೊಬೈಲನ್ನು ಅವನ ಮೂಗಿನ ತನಕ ಹಿಡಿದರು.

“ನನಗ ಉಣ್ಣಾಕ ಕರದಾರ್ರಿ,” ಎಂದು ಗಜಾನನ ಎಲೆಯ ಕಡೆ ತಲೆ ಬಗ್ಗಿಸಿದ.

ಸಿದ್ದಕ್ಕ ತುಪ್ಪದ ಪಾತ್ರೆ ಹಿಡಿದು ಸಾಲಿನಲ್ಲಿ ಬರುತ್ತಿದ್ದಳು. ಅವನ ಎಲೆಗೆ ಉಳಿದವರಿಗೆ ಬಡಿಸಿದಷ್ಟೇ ಬಡಿಸಿದಳು, ಮುಂದಿನ ಎಲೆಗೆ ಹೋದಳು.